ಮುಂದಿನ ಹಡಗು ಬರುವವರೆಗೆ

ಮಂಗಳೂರಿನ ಹಳೇ ಬಂದರಿನ ಧಕ್ಕೆಯಲ್ಲಿ ಮಂಜಿಗೆ ಸಾಮಾನು ತುಂಬುವುದನ್ನು ಅರ್ಧ ದಿನ ನೋಡುತ್ತ ನಿಂತರೆ, ಒಂದು ದ್ವೀಪಕ್ಕೆ ಏನೇನು ಬೇಕೆಂಬ ಪಟ್ಟಿ ಕಣ್ಣೆದುರೇ ತಯಾರಾಗುತ್ತದೆ. ಕೆಳಗೆ ಜಲ್ಲಿ, ಸಿಮೆಂಟು, ಕಬ್ಬಿಣದ ಸರಳು. ಮೇಲೆ ಅಕ್ಕಿ, ಈರುಳ್ಳಿ, ಬಟಾಟೆ, ಬಾಳೆಗೊನೆ. ಲಕ್ಷದ್ವೀಪಕ್ಕೆ ಹೋಗುವ ಈ ಮರದ ಹಡಗುಗಳು ಮಳೆಗಾಲದಲ್ಲಿ ಕಡಲಿಗಿಳಿಯುವುದಿಲ್ಲ. ಹಾಗಾಗಿ ಮೇ ತಿಂಗಳು ಹತ್ತಿರವಾದಂತೆ ಧಕ್ಕೆಯ ಗಡಿಬಿಡಿ ಹೆಚ್ಚುತ್ತದೆ. ಆಚೆ ದಡದ ಮನೆಗಳಿಗೆ ಅದು ತಿಂಗಳುಗಟ್ಟಲೆಯ ದಾಸ್ತಾನಿನ ಕಾಲ. ನಮ್ಮ ಕರಾವಳಿಗೆ ಈ ನಂಟು ಹಳೆಯದು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರ ನಂತರ ಕಂಪನಿ ಸರಕಾರದ ಕೈಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು.

ಹೊಸ ದ್ವೀಪ ನೆಲೆಗಳ ಯೋಜನೆಗಳನ್ನು ಓದುವಾಗಲೆಲ್ಲ ನನಗೆ ಈ ಧಕ್ಕೆ ನೆನಪಾಗುತ್ತದೆ. ‘ಸ್ವಾವಲಂಬಿ ದ್ವೀಪ’ ಎಂಬ ಮಾತನ್ನು ಯೋಜಕರು ಧಾರಾಳವಾಗಿ ಬಳಸುತ್ತಾರೆ. ಹೊರಗಿನಿಂದ ಏನನ್ನೂ ತರಿಸದ ದ್ವೀಪ ಎಂದು ಅದನ್ನು ಅರ್ಥ ಮಾಡಿಕೊಂಡರೆ, ಸಿಮೆಂಟು, ಔಷಧ, ವಿದ್ಯುತ್ ತಂತಿ ಬಳಸುವ ಅಂಥ ಊರು ಇಂದು ಎಲ್ಲೂ ಸಿಗಲಾರದು. ನನ್ನ ಮಟ್ಟಿಗೆ ಅಳತೆಗೋಲು ಬೇರೆ: ಹಡಗು ಬಾರದಿದ್ದರೆ ಆ ಊರು ಎಷ್ಟು ದಿನ ತಡೆದೀತು? ಕುಡಿಯುವ ನೀರು ಎಷ್ಟು ದಿನಕ್ಕಿದೆ, ದೀಪ ಎಷ್ಟು ದಿನ ಉರಿದೀತು, ಅಕ್ಕಿ ಎಷ್ಟು ದಿನ ಬಂದೀತು? ಈ ಲೆಕ್ಕಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಆ ದ್ವೀಪದ ನಿಜವಾದ ಆಯುಷ್ಯ.

ಈ ಲೆಕ್ಕವನ್ನು ಚೆನ್ನಾಗಿ ಬಲ್ಲ ಊರೊಂದು ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಟ್ರಿಸ್ಟನ್ ಡ ಕುನ್ಹ ಎಂಬ ಆ ಜ್ವಾಲಾಮುಖಿ ದ್ವೀಪದಲ್ಲಿ ಇನ್ನೂರೈವತ್ತಕ್ಕೂ ಕಡಿಮೆ ಜನ ಇದ್ದಾರೆ. ಕೇಪ್‌ಟೌನಿನಿಂದ ಸುಮಾರು 2,800 ಕಿ.ಮೀ. ದೂರ. ವಿಮಾನ ನಿಲ್ದಾಣವಿಲ್ಲ, ಹಡಗು ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಬರುತ್ತದೆ. ಜನ ಕಲ್ಲಿನ ಪಾಗಾರ ಕಟ್ಟಿದ ತುಂಡುಗದ್ದೆಗಳಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ, ಕುರಿ ದನ ಸಾಕುತ್ತಾರೆ, ಕಡಲೇಡಿ ಹಿಡಿದು ಮಾರಿದ ಹಣದಲ್ಲಿ ಉಳಿದದ್ದನ್ನು ತರಿಸುತ್ತಾರೆ. ಹುಲ್ಲುಗಾವಲು ಇಷ್ಟೇ ಎಂದು ಗೊತ್ತಿರುವುದರಿಂದ ಒಂದು ಮನೆ ಎಷ್ಟು ದನ, ಎಷ್ಟು ಕುರಿ ಸಾಕಬಹುದೆಂಬುದಕ್ಕೆ ಮಿತಿ ಇದೆ. ಇಷ್ಟು ಜಾಗರೂಕ ಊರಿನಲ್ಲೂ 2008ರ ಫೆಬ್ರವರಿಯಲ್ಲಿ ಏಡಿ ಸಂಸ್ಕರಣೆಯ ಕಾರ್ಖಾನೆಗೆ ಬೆಂಕಿ ಬಿತ್ತು. ಊರಿಗೆ ವಿದ್ಯುತ್ ಕೊಡುತ್ತಿದ್ದ ಜನರೇಟರುಗಳೂ ಅದರೊಂದಿಗೇ ಸುಟ್ಟವು. ದುಡಿಮೆಯನ್ನೂ ಬೆಳಕನ್ನೂ ಒಂದೇ ಮಾಡಿನ ಕೆಳಗೆ ಇಟ್ಟಿದ್ದಕ್ಕೆ ತೆತ್ತ ಬೆಲೆ ಅದು.

ನೀರಿನ ವಿಷಯಕ್ಕೆ ಬಂದರೆ ಇತಿಹಾಸ ಇನ್ನೂ ಕಠಿಣ. 1858ರಲ್ಲಿ ಬ್ರಿಟಿಷರು ಅಂಡಮಾನಿನಲ್ಲಿ ಕೈದಿಗಳ ನೆಲೆ ಕಟ್ಟಲು ಹೊರಟಾಗ ಮೊದಲು ಇಳಿದದ್ದು ಚಾಥಮ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ನೀರು ಸಾಲಲಿಲ್ಲ, ಕೇಂದ್ರ ರಾಸ್ ದ್ವೀಪಕ್ಕೆ ಹೋಯಿತು. ಅದಕ್ಕೂ ಮೊದಲು, 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಹೂಡಿದ್ದ ಮೊದಲ ನೆಲೆಯನ್ನು ನೌಕಾಪಡೆಗೆ ಒಳ್ಳೆಯ ಬಂದರು ಬೇಕೆಂದು 1792ರಲ್ಲಿ ಈಶಾನ್ಯದ ಇನ್ನೊಂದು ಕೊಲ್ಲಿಗೆ ಎತ್ತಿಕೊಂಡು ಹೋಗಿದ್ದರು. ಬಂದರೇನೋ ಒಳ್ಳೆಯದೇ. ಆದರೆ ಜನ ಜ್ವರದಿಂದ ಸಾಲುಸಾಲಾಗಿ ಸತ್ತರು, 1796ರಲ್ಲಿ ಊರನ್ನೇ ಬಿಟ್ಟು ಬರಬೇಕಾಯಿತು. ಹಡಗಿನ ಅನುಕೂಲ ನೋಡಿ ಜಾಗ ಆರಿಸಿ, ಮನುಷ್ಯರ ಅನುಕೂಲವನ್ನು ಆಮೇಲೆ ಯೋಚಿಸುವ ಈ ಅಭ್ಯಾಸ ಇನ್ನೂರು ವರ್ಷಗಳಲ್ಲಿ ಪೂರ್ತಿ ಹೋಗಿಲ್ಲ ಎಂಬುದು ನನ್ನ ದುಃಖ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಬೆಟ್ಟ, ಕಾಡು, ತೊರೆ ಇರುವ ಅಂಡಮಾನಿನಂಥ ದ್ವೀಪದ ಮಾತು ಒಂದು. ಹವಳದ ದ್ವೀಪದ ಮಾತೇ ಬೇರೆ. ಲಕ್ಷದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ತುಸು ಹಗುರ, ಅಷ್ಟೇ ಅದರ ಆಧಾರ. ಕಡಲಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ ಎಂಬುದು ಶಾಸ್ತ್ರದ ಲೆಕ್ಕ. ಆದರೆ ಸಣ್ಣ ದ್ವೀಪಗಳಲ್ಲಿ ಏರಿಳಿತದ ನೀರು ಕಲಸುವುದರಿಂದ ಆ ಪದರ ತೀರ ತೆಳು. ಈ ಲೆಕ್ಕವನ್ನು ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ: ಬಾವಿಯ ಮಟ್ಟ ಒಂದು ಅಡಿ ಇಳಿದು ಹಾಗೇ ನಿಂತರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರಿ ಬರುತ್ತದೆ. ಕೊಡದಲ್ಲಿ ಸೇದುವವರೆಗೆ ಏನೂ ತೊಂದರೆಯಿಲ್ಲ. ಮನೆಮನೆಗೆ ಪಂಪು ಬಂದ ದಿನ ಬಾವಿಗೆ ಅಪಾಯ ಶುರು.

ಅದಕ್ಕಿಂತ ಹತ್ತಿರದ ಅಪಾಯ ಶೌಚಾಲಯದ್ದು. ಲಕ್ಷದ್ವೀಪದ ಜನವಸತಿಯ 10 ದ್ವೀಪಗಳಲ್ಲಿ 2011ರ ಜನಗಣತಿಯಂತೆ 64,473 ಜನ. ಒಂದು ಚದರ ಕಿಲೋಮೀಟರಿಗೆ 2,000ಕ್ಕೂ ಹೆಚ್ಚು. ಒಂದೇ ಅಂಗಳದಲ್ಲಿ ಬಾವಿಯೂ ಇಂಗುಗುಂಡಿಯೂ ಇರುತ್ತವೆ, ನಡುವೆ ಇರುವುದು ಜರಡಿಯಂಥ ಹವಳದ ಮರಳು. ಮೇಲೆ ಬಿಟ್ಟದ್ದು ನೇರ ಕುಡಿಯುವ ನೀರಿಗೇ ಇಳಿಯುತ್ತದೆ. ಮಾಲ್ಡೀವ್ಸ್‌ನ ಮಾಲೆ ನಗರ ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದೆ. 1978ರಲ್ಲಿ ಕಾಲರಾ ಬಂದು ಜನ ಸತ್ತರು. ಬಾವಿಗಳು ಒಂದೊಂದಾಗಿ ಕೆಟ್ಟವು, ನಗರ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಕ್ಕೆ ಪೂರ್ತಿ ಒಗ್ಗಿಕೊಂಡಿತು. 2014ರ ಡಿಸೆಂಬರ್ 4ರಂದು ಆ ಸ್ಥಾವರಕ್ಕೆ ಬೆಂಕಿ ತಗಲಿತು. ಸುಮಾರು 2 ಚದರ ಕಿ.ಮೀ. ಜಾಗದಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಂದೇ ದಿನ ಬತ್ತಿದವು. ಭಾರತದಿಂದ ವಾಯುಪಡೆಯ ವಿಮಾನಗಳಲ್ಲಿ, ನೌಕಾಪಡೆಯ ಹಡಗುಗಳಲ್ಲಿ ಕುಡಿಯುವ ನೀರು ಹೋಯಿತು. ಒಂದು ರಾಜಧಾನಿಯ ಆಯುಷ್ಯ ಎಷ್ಟು ದಿನ ಎಂದು ಕೇಳಿದ್ದರೆ ಅಂದು ಸಿಗುತ್ತಿದ್ದ ಉತ್ತರ ಒಂದು ದಿನ.

ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕಟ್ಟಿದ ಸ್ಥಾವರ ಜಾಣತನದ್ದು. ಹವಳದ ದ್ವೀಪದ ಅಂಚು ಕಡಿದಾಗಿ ಇಳಿಯುವುದರಿಂದ ದಡದಿಂದ ಕೆಲವೇ ನೂರು ಮೀಟರಿನಾಚೆ ಸುಮಾರು 350 ಮೀಟರ್ ಆಳದ ತಣ್ಣೀರು ಸಿಗುತ್ತದೆ. ಮೇಲ್ಗಡೆಯ ಬೆಚ್ಚನೆ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಕುದಿಸದೆಯೇ ಒಂದಿಷ್ಟು ಆವಿಯಾಗುತ್ತದೆ. ಆ ಆವಿಯನ್ನು ಆಳದ ತಣ್ಣೀರು ಹರಿಯುವ ಕೊಳವೆಗಳಿಗೆ ತಾಗಿಸಿದರೆ ಸಿಹಿನೀರು. ದಿನಕ್ಕೆ ಒಂದು ಲಕ್ಷ ಲೀಟರ್. ಹನ್ನೊಂದು ಸಾವಿರದಷ್ಟು ಜನರಿರುವ ಕವರತ್ತಿಯಲ್ಲಿ ತಲೆಗೆ ಸುಮಾರು 9 ಲೀಟರ್, ಅಂದರೆ ಕುಡಿಯಲು, ಅಡುಗೆಗೆ ಸಾಕು. ಮುಂದೆ ಮಿನಿಕಾಯ್, ಅಗತ್ತಿಗಳಿಗೂ ಇದು ಬಂತು. ಬಾವಿಯನ್ನೇ ಹಿಂಡುವ ಒತ್ತಡ ಇದರಿಂದ ಇಳಿಯಿತು, ಅದು ದೊಡ್ಡ ಮಾತು. ಆದರೆ ಪಂಪು ತಿರುಗಲು ವಿದ್ಯುತ್ ಬೇಕು, ಆ ವಿದ್ಯುತ್ತು ಬಹುಪಾಲು ಹಡಗಿನಲ್ಲಿ ಬರುವ ಡೀಸೆಲ್‌ನದು. ಹಾಗಾಗಿ ಆ ನೀರೂ ಒಂದರ್ಥದಲ್ಲಿ ಹಡಗಿನಲ್ಲೇ ಬರುತ್ತದೆ.

ಹೊಸ ನೆಲೆ ಕಟ್ಟುವವರು ಮೊದಲು ನೋಡಬೇಕಾದದ್ದು ಬರ್ಮುಡಾವನ್ನು. ಅಲ್ಲಿಯ ಜನಸಂಖ್ಯೆಯೂ ಹೆಚ್ಚುಕಡಿಮೆ ಲಕ್ಷದ್ವೀಪದಷ್ಟೇ. ಪ್ರತಿ ಮನೆಯೂ ತನ್ನ ಮಾಡಿನ ಮಳೆನೀರನ್ನು ಹಿಡಿದು ನೆಲದಡಿಯ ತೊಟ್ಟಿಯಲ್ಲಿ ಕೂಡಿಡಬೇಕೆಂಬುದು ಅಲ್ಲಿಯ ಕಾನೂನು. ಸುಣ್ಣ ಬಳಿದ, ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಮಾಡುಗಳು ಅದಕ್ಕಾಗಿಯೇ ಹಾಗೆ ರೂಪುಗೊಂಡವು. ನಮ್ಮ ಕಡೆಗೆ ಈ ಲೆಕ್ಕ ಹಾಕಿ ನೋಡೋಣ. ಲಕ್ಷದ್ವೀಪದ ಮಳೆ ವರ್ಷಕ್ಕೆ ಸುಮಾರು 1,600 ಮಿ.ಮೀ. 100 ಚದರ ಮೀಟರಿನ ಮಾಡಿನ ಮೇಲೆ ಬೀಳುವುದು 1,60,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 1,28,000 ಉಳಿಯುತ್ತದೆ. ಐದು ಜನರ ಮನೆಗೆ ತಲೆಗೆ 50 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 91,250. ಮಳೆ ಸಾಕು, ಸಾಕಾಗದೇ ಇರುವುದು ತೊಟ್ಟಿ. ಬರ್ಮುಡಾದಲ್ಲಿ ಮಳೆ ವರ್ಷವಿಡೀ ಹಂಚಿ ಬೀಳುತ್ತದೆ, ನಮ್ಮಲ್ಲಿ ಒಂದೇ ಸಲಕ್ಕೆ ಸುರಿದು ಹೋಗುತ್ತದೆ. ಐದು ತಿಂಗಳ ಒಣಗಾಲ ದಾಟಲು 37,500 ಲೀಟರ್ ಕೂಡಿಡಬೇಕು. ಅಂದರೆ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ತೊಟ್ಟಿ. ಮನೆ ಕಟ್ಟುವ ಮೊದಲೇ ಅಡಿಪಾಯದ ಜತೆ ಇದನ್ನು ಕಟ್ಟಿದರೆ ಖರ್ಚು ಹೊರಲಾಗದಷ್ಟಲ್ಲ. ಕಟ್ಟಿದ ಮೇಲೆ ಅಂಗಳ ಅಗೆಯಹೋದರೆ ಜಾಗವೂ ಇಲ್ಲ, ಹಣವೂ ಇಲ್ಲ. ಹೊಸ ಊರಿಗೆ ಹಳೆಯ ಊರಿಗಿಂತ ಇರುವ ದೊಡ್ಡ ಅನುಕೂಲವೇ ಇದು: ತೊಟ್ಟಿಯನ್ನು ಮೊದಲು, ಮನೆಯನ್ನು ಆಮೇಲೆ ಕಟ್ಟಬಹುದು.

ವಿದ್ಯುತ್ತಿನಲ್ಲಿ ಈಚಿನ ವರ್ಷಗಳು ಭರವಸೆ ತಂದಿವೆ. ಅಮೆರಿಕನ್ ಸಮೋವಾದ ತಾವು ದ್ವೀಪದಲ್ಲಿ ಆರುನೂರರಷ್ಟು ಜನ. 2016ರ ಹೊತ್ತಿಗೆ ಅಲ್ಲಿ 1.4 ಮೆಗಾವಾಟ್ ಸೌರಫಲಕ, 60 ದೊಡ್ಡ ಬ್ಯಾಟರಿ ಕೂಡಿಸಿದರು. ಸೂರ್ಯನೇ ಕಾಣದಿದ್ದರೂ ಮೂರು ದಿನ ಊರು ನಡೆಯುವಂತೆ ಅದರ ಲೆಕ್ಕ. ಯೋಜನೆಯನ್ನು ಮೆಗಾವಾಟಿನಲ್ಲಲ್ಲದೆ ದಿನಗಳಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಸ್ಪೇನಿನ ಎಲ್ ಹಿಯೆರ್ರೋ ದ್ವೀಪದ್ದು ಇನ್ನೂ ಹಿರಿದಾದ ಪ್ರಯತ್ನ. ಐದು ಗಾಳಿಯಂತ್ರ, ಒಟ್ಟು 11.5 ಮೆಗಾವಾಟ್. ಗಾಳಿ ಹೆಚ್ಚಾದಾಗ ಆ ಶಕ್ತಿಯಿಂದ ನೀರನ್ನು ಆರಿಹೋದ ಜ್ವಾಲಾಮುಖಿಯ ಬಾಯಿಗೆ ಏರಿಸುತ್ತಾರೆ. ಗಾಳಿ ನಿಂತಾಗ ಅದೇ ನೀರು ಕೆಳಗಿಳಿದು ಚಕ್ರ ತಿರುಗಿಸುತ್ತದೆ. 2014ರಲ್ಲಿ ಶುರುವಾದ ಈ ಏರ್ಪಾಡಿನಿಂದ 2019ರ ಬೇಸಿಗೆಯಲ್ಲಿ ದ್ವೀಪ ಸತತ 24 ದಿನ ಡೀಸೆಲ್ ಮುಟ್ಟಲಿಲ್ಲ. ಆದರೂ ವರ್ಷದ ಲೆಕ್ಕ ತೆಗೆದರೆ ಅರ್ಧದ ಆಸುಪಾಸಿಗೇ ನಿಲ್ಲುತ್ತದೆ. ಮೇಲಿನ ಕೊಳ ಗಾಳಿಯಿಲ್ಲದ ಇಡೀ ಋತುವನ್ನು ದಾಟಿಸುವಷ್ಟು ದೊಡ್ಡದಲ್ಲ. ಹಳೆಯ ಜನರೇಟರುಗಳನ್ನು ಅವರು ಇಟ್ಟುಕೊಂಡದ್ದು ವಿವೇಕ.

ಡೆನ್ಮಾರ್ಕಿನ ಸಾಮ್ಸೋ ದ್ವೀಪವನ್ನು ಸ್ವಾವಲಂಬನೆಯ ಮಾದರಿಯೆಂದು ಎಲ್ಲರೂ ಹೊಗಳುತ್ತಾರೆ. ಅದು ಮುಖ್ಯಭೂಮಿಗೆ ಕೇಬಲಿನಿಂದ ಜೋಡಿಸಿಕೊಂಡಿದೆ, ಗಾಳಿ ಇದ್ದಾಗ ಮಾರಿ ಇಲ್ಲದಾಗ ಕೊಳ್ಳುತ್ತದೆ. ಹಾಗಾಗಿ ಅದರ ಸ್ವಾವಲಂಬನೆ ವರ್ಷದ ಲೆಕ್ಕಪುಸ್ತಕದ್ದು, ಬಿರುಗಾಳಿಯ ರಾತ್ರಿಯದ್ದಲ್ಲ. ಆದರೆ ಅಲ್ಲಿಂದ ಕಲಿಯುವುದು ಬೇರೆ ಇದೆ. 1997ರಲ್ಲಿ ಸರಕಾರದ ಸ್ಪರ್ಧೆ ಗೆದ್ದ ಮೇಲೆ ಊರವರೇ ಸಭೆ ಸೇರಿ, ಗಾಳಿಯಂತ್ರಗಳಲ್ಲಿ ಪಾಲು ಕೊಂಡರು. ತನ್ನದೂ ಒಂದು ಪಾಲಿದೆ ಎಂದ ಮೇಲೆ ಯಂತ್ರ ಕೆಟ್ಟರೆ ರಿಪೇರಿಗೆ ಓಡುವವರೂ ಇರುತ್ತಾರೆ.

ಬಂದರು, ವಿಮಾನದ ಪಟ್ಟಿ, ಸಂಪರ್ಕದ ಕೇಬಲ್ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಣ ಸುರಿದರೆ ಆಗುವ ಕೆಲಸಗಳು, ಸರಕಾರಗಳಿಗೆ ಪ್ರೀತಿಯವೂ ಹೌದು. ಅಂಡಮಾನಿಗೆ 2020ರಲ್ಲಿ, ಲಕ್ಷದ್ವೀಪಕ್ಕೆ 2024ರಲ್ಲಿ ಕಡಲಡಿಯ ಕೇಬಲ್ ಬಂತು. ಜನರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಕಸದ ಬಗ್ಗೆ ಮಾತ್ರ ಒಂದು ಮಾತು. ಹಡಗು ತುಂಬಿ ಬಂದದ್ದು ಖಾಲಿ ಹೋಗುತ್ತದೆ, ಬಂದದ್ದರ ಡಬ್ಬಿ, ಬಾಟಲಿ, ಚೀಲ ದ್ವೀಪದಲ್ಲೇ ಉಳಿಯುತ್ತದೆ. ಮಾಲೆಯ ಪಕ್ಕದ ತಿಲಫುಶಿ 1990ರ ದಶಕದ ಆರಂಭದವರೆಗೆ ತಿಳಿಗೊಳ. ಈಗ ಅದು ಕಸ ಸುರಿದು ಎಬ್ಬಿಸಿದ ದ್ವೀಪ. ಹಿಂತಿರುಗುವ ಹಡಗಿನಲ್ಲಿ ಕಸಕ್ಕೆ ಜಾಗ ಗೊತ್ತುಮಾಡದ ಬಂದರು ಅರ್ಧ ಬಂದರು.

ಇನ್ನು ಗೋಡೆ. ಹವಳದ ದ್ವೀಪಕ್ಕೆ ದೇವರು ಕೊಟ್ಟ ಗೋಡೆಯೆಂದರೆ ಸುತ್ತಲಿನ ಹವಳದ ದಂಡೆ. ಅಲೆ ಅಲ್ಲೇ ಒಡೆದು, ಒಳಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮನೆ ಕಟ್ಟಲೆಂದು ಹವಳವನ್ನೇ ಒಡೆದು ತಂದರೆ, ದೋಣಿ ದಾರಿಗೆಂದು ದಂಡೆಯನ್ನು ಕೊರೆದರೆ, ಆ ಕೆಲಸವನ್ನು ಸಿಮೆಂಟು ಮಾಡಬೇಕಾಗುತ್ತದೆ. 1987ರ ಏಪ್ರಿಲ್‌ನಲ್ಲಿ ದೂರದ ಸಾಗರದಿಂದ ಬಂದ ಅಲೆಗಳು ಮಾಲೆಯೊಳಗೆ ನುಗ್ಗಿದ ಮೇಲೆ ಜಪಾನಿನ ನೆರವಿನಿಂದ ನಗರದ ಸುತ್ತ ಕಾಂಕ್ರೀಟಿನ ತಡೆ ಕಟ್ಟಿದರು. 2004ರ ಸುನಾಮಿಯಲ್ಲಿ ಅದು ನಗರವನ್ನು ಕಾಯಿತು. ಆದರೆ ಅಂಥ ಗೋಡೆಯನ್ನು ಕಟ್ಟಲು, ಕಾಪಾಡಲು ಪುಟ್ಟ ದ್ವೀಪವೊಂದಕ್ಕೆ ಯಾವ ಕಾಲಕ್ಕೂ ತಾಕತ್ತು ಬರಲಾರದು. ಅದೇ ಸುನಾಮಿಯಲ್ಲಿ ರಾ ಅಟಾಲಿನ ಕಂದೊಲುಧೂ ಎಂಬ ಕಿಕ್ಕಿರಿದ ದ್ವೀಪ ವಾಸಕ್ಕೆ ಅಯೋಗ್ಯವಾಯಿತು. ಅಲ್ಲಿಯ ಸುಮಾರು ನಾಲ್ಕು ಸಾವಿರ ಜನಕ್ಕೆ ಧುವಾಫರು ಎಂಬ ನಿರ್ಜನ ದ್ವೀಪದಲ್ಲಿ ರೆಡ್‌ಕ್ರಾಸ್ ಸಂಸ್ಥೆ ಹೊಸ ಊರು ಕಟ್ಟಿತು: ಸುಮಾರು 600 ಮನೆ, ಶಾಲೆ, ವಿದ್ಯುತ್, ಒಳಚರಂಡಿ, ರಸ್ತೆ. ಜನ ಅಲ್ಲಿ ಒಕ್ಕಲಾಗಲು ನಾಲ್ಕು ವರ್ಷ ಹಿಡಿಯಿತು. ಹಣಕ್ಕೆ ಕೊರತೆಯಿಲ್ಲದ, ಜಗತ್ತೆಲ್ಲ ನೋಡುತ್ತಿದ್ದ ಕೆಲಸಕ್ಕೇ ಇಷ್ಟು ಕಾಲ ಬೇಕಾಯಿತು ಎಂಬುದನ್ನು ‘ಎರಡು ವರ್ಷದಲ್ಲಿ ಊರು’ ಎನ್ನುವವರು ಗಮನಿಸಬೇಕು.

ಕೊಳವೆ, ತಂತಿ, ಗೋಡೆಗಳ ಜತೆಗೆ ಇನ್ನೊಂದು ಮೂಲಸೌಕರ್ಯವಿದೆ, ಅದು ಕೈಗಳು. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾದಲ್ಲಿ ಶತಮಾನಗಳ ಕಾಲ ಜನ ಹಕ್ಕಿ ಹಿಡಿದು, ಕುರಿ ಸಾಕಿ ಬದುಕಿದ್ದರು. ಹರೆಯದವರು ಒಬ್ಬೊಬ್ಬರಾಗಿ ವಲಸೆ ಹೋದಂತೆ ದೋಣಿ ನೂಕಲು, ಬಂಡೆ ಇಳಿಯಲು, ರೋಗಿಯನ್ನು ಎತ್ತಲು ಜನ ಸಾಲದೆ ಹೋಯಿತು. 1930ರ ಆಗಸ್ಟ್ 29ರಂದು ಉಳಿದ 36 ಮಂದಿ ತಾವೇ ಕೇಳಿಕೊಂಡು ದ್ವೀಪ ಬಿಟ್ಟರು. ನೀರಿತ್ತು, ಕುರಿ ಹಕ್ಕಿಗಳಿದ್ದವು, ಸಾಲದೆ ಹೋದದ್ದು ಕೈಗಳು. ಸೂಲಗಿತ್ತಿ, ದಾದಿ, ಮೇಸ್ತ್ರಿ, ಡೀಸೆಲ್ ಮೆಕ್ಯಾನಿಕ್, ಶಾಲೆಯ ಮೇಡಂ ಇವರಿಲ್ಲದೆ ಊರು ನಿಲ್ಲದು. ಅವರ ಮಕ್ಕಳೂ ಅಲ್ಲೇ ಉಳಿಯುವ ಹಾಗೆ ಮಾಡುವುದು ಯಾವ ಎಂಜಿನಿಯರನ ನಕ್ಷೆಯಲ್ಲೂ ಇರುವುದಿಲ್ಲ.

ಇಷ್ಟೆಲ್ಲವನ್ನೂ ಮುಂದಿಟ್ಟುಕೊಂಡು ಗ್ರೇಟ್ ನಿಕೋಬಾರ್ ಕಡೆ ನೋಡಿದರೆ ನನಗೆ ಕಳವಳವಾಗುತ್ತದೆ. ಅಂಡಮಾನ್ ನಿಕೋಬಾರಿನ ದಕ್ಷಿಣದ ತುದಿಯ ಈ ದ್ವೀಪದಲ್ಲಿ 1969ರಿಂದ 1980ರ ನಡುವೆ 337 ಮಾಜಿ ಸೈನಿಕ ಕುಟುಂಬಗಳನ್ನು ತಂದು ಕ್ಯಾಂಪ್‌ಬೆಲ್ ಬೇ ಸುತ್ತ ನೆಲೆಗೊಳಿಸಲಾಯಿತು. ಪಂಜಾಬ್, ಮಹಾರಾಷ್ಟ್ರ, ಕೇರಳ, ತಮಿಳುನಾಡು ಮೊದಲಾದೆಡೆಗಳಿಂದ ಬಂದ ಅವರು ಕಾಡು ಕಡಿದು, ತೆಂಗು ಅಡಿಕೆ ಇಟ್ಟು, ಮೂವತ್ತು ವರ್ಷ ಬೆವರು ಸುರಿಸಿದರು. 2004ರ ಡಿಸೆಂಬರ್ 26ರ ಭೂಕಂಪಕ್ಕೆ ದ್ವೀಪದ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ದಡದ ಮೇಲಿದ್ದ ದೀಪಸ್ತಂಭದ ಬುಡಕ್ಕೆ ಕಡಲು ಬಂತು.

ಇಂಥಲ್ಲಿ ಈಗ ಹೊಸ ನಗರದ ಯೋಜನೆ. 2022ರ ನವೆಂಬರಿನಲ್ಲಿ ಪರಿಸರ ಅನುಮತಿ ಪಡೆದ ಇದರ ಆರಂಭಿಕ ಅಂದಾಜು ವೆಚ್ಚ 72,000 ಕೋಟಿ ರೂಪಾಯಿ. ಗಲತೇಯ ಕೊಲ್ಲಿಯಲ್ಲಿ ವರ್ಷಕ್ಕೆ 1.42 ಕೋಟಿ ಕಂಟೇನರ್ ಸಾಮರ್ಥ್ಯದ ಬಂದರು, ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಅನಿಲ ಹಾಗೂ ಸೌರಶಕ್ತಿಯ 450 ಎಂವಿಎ ವಿದ್ಯುತ್ ಸ್ಥಾವರ, ಜತೆಗೆ ಉಪನಗರ. ಒಟ್ಟು 166 ಚದರ ಕಿ.ಮೀ., ಅದರಲ್ಲಿ 130.75 ಚದರ ಕಿ.ಮೀ. ಕಾಡು. ಸದ್ಯ ಎಂಟು ಸಾವಿರದಷ್ಟು ಜನರಿರುವ ದ್ವೀಪಕ್ಕೆ ಮೂರು ದಶಕಗಳಲ್ಲಿ ಮೂರೂವರೆ ಲಕ್ಷ ಜನ ಬರುವರೆಂಬ ನಿರೀಕ್ಷೆ, ಅಂದರೆ ನಲವತ್ತು ಪಟ್ಟಿಗೂ ಹೆಚ್ಚು. ಮಲಾಕ್ಕಾ ಜಲಸಂಧಿಯ ಬಾಗಿಲಲ್ಲಿರುವ ಜಾಗವೆಂಬ ರಕ್ಷಣೆಯ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೌಕಾನೆಲೆಯೊಂದಕ್ಕೆ ಮೂರೂವರೆ ಲಕ್ಷ ಜನರ ಊರು ಏಕೆ ಬೇಕು?

ನಗರಗಳಿಗೆ ನಾವು ಇಟ್ಟುಕೊಂಡಿರುವ ತಲೆಗೆ 135 ಲೀಟರಿನ ಲೆಕ್ಕ ಹಿಡಿದರೆ ಅಷ್ಟು ಜನಕ್ಕೆ ದಿನಕ್ಕೆ 4.7 ಕೋಟಿ ಲೀಟರ್ ನೀರು ಬೇಕು. ಧಾರಾಳ ಮಳೆಯ ದಕ್ಷಿಣ ಅಂಡಮಾನಿನಲ್ಲಿಯೇ, ಧನಿಖಾರಿ ಅಣೆಕಟ್ಟಿನ ನೀರನ್ನು ನಂಬಿದ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಡುತ್ತದೆ. ಗ್ರೇಟ್ ನಿಕೋಬಾರಿನಲ್ಲಿ ಮಳೆ ಇನ್ನೂ ಹೆಚ್ಚು, ನಿಜ. ಆ ಮಳೆಯನ್ನು ಹಿಡಿದು ವರ್ಷವಿಡೀ ತೊರೆಗಳಿಗೆ ಬಿಡುತ್ತಿರುವುದು ಯಾವುದನ್ನು ಕಡಿಯಲು ಹೊರಟಿದ್ದೇವೋ ಆ ಕಾಡೇ. ಪರಿಹಾರದ ಗಿಡ ನೆಡುವುದು ಹರಿಯಾಣದಲ್ಲಂತೆ. ಹರಿಯಾಣದ ಗಿಡ ನಿಕೋಬಾರಿನ ಹಳ್ಳಕ್ಕೆ ನೀರು ತರಲಾರದು. ಅನಿಲ ಹಡಗಿನಲ್ಲಿ ಬರಬೇಕು, ಅಕ್ಕಿ ಹಡಗಿನಲ್ಲಿ ಬರಬೇಕು. ಅತ್ಯಂತ ಅಪಾಯದ ಭೂಕಂಪ ವಲಯದಲ್ಲಿ ಬಂದರಿನ ಧಕ್ಕೆಯೇ ಬಿರಿದುಹೋದ ದಿನ, ಮೂರೂವರೆ ಲಕ್ಷ ಜನ ಎಷ್ಟು ದಿನ ತಡೆದಾರು? ಬಂದರಿನ ಆಳಕ್ಕೆ ಸಿಕ್ಕ ಗಮನ ಈ ಪ್ರಶ್ನೆಗೂ ಸಿಗಬೇಕಿತ್ತು. 1792ರಲ್ಲಿ ಒಳ್ಳೆಯ ಬಂದರಿಗಾಗಿ ಊರನ್ನೇ ಎತ್ತಿಕೊಂಡು ಹೋದವರ ನೆನಪು ನನಗೆ ಬರುವುದು ಇಲ್ಲೇ.

ಈ ದ್ವೀಪದಲ್ಲಿ ಹಡಗಿಗೆ ಕಾಯದೆ ಬದುಕಿದವರು ಈಗಲೂ ಇದ್ದಾರೆ. ಶೋಂಪೆನ್ ಜನ ಒಳಗಿನ ಕಾಡಿನಲ್ಲಿ, 2011ರ ಗಣತಿಯಂತೆ ಇನ್ನೂರ ಚಿಲ್ಲರೆ ಮಂದಿ. ಕೇದಗೆ ಜಾತಿಯ ಮರದ ಹಣ್ಣು, ಕಾಡುಹಂದಿ, ತೊರೆಯ ನೀರು ಅವರ ದಾಸ್ತಾನು. ದಡದಲ್ಲಿ ಇದ್ದವರು ನಿಕೋಬಾರಿಗಳು. ತೆಂಗು, ಹಂದಿ, ಮೀನು, ದೋಣಿ ಅವರ ಬದುಕು. ಸುನಾಮಿ ಅವರ ಹಳ್ಳಿಗಳನ್ನು ಗುಡಿಸಿಹಾಕಿದ ಮೇಲೆ ಉಳಿದವರನ್ನು ಕ್ಯಾಂಪ್‌ಬೆಲ್ ಬೇ ಹತ್ತಿರ ಸರಕಾರ ಕಟ್ಟಿದ ಮನೆಗಳಿಗೆ ತಂದರು. ಎರಡು ದಶಕಗಳಿಂದ ಅವರು ಕೇಳುತ್ತಿರುವುದು ದಕ್ಷಿಣ ಹಾಗೂ ಪಶ್ಚಿಮ ದಡದ ತಮ್ಮ ಹಳೆಯ ಊರುಗಳಿಗೆ ಮರಳಲು ಅವಕಾಶ. 2022ರ ಆಗಸ್ಟ್‌ನಲ್ಲಿ ಯೋಜನೆಗೆ ಕೊಟ್ಟ ಒಪ್ಪಿಗೆಯನ್ನು ಅವರ ಬುಡಕಟ್ಟು ಮಂಡಳಿ ಅದೇ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ತಾವು ಬಿಟ್ಟುಬಂದ ಹಳ್ಳಿಗಳ ನೆಲವೂ ಅದರಲ್ಲಿ ಸೇರಿದೆ ಎಂಬುದು ತಮಗೆ ಗೊತ್ತಿರಲಿಲ್ಲ ಎಂದು ಅವರು ತಿಳಿಸಿದರು. ಆ ಹಳ್ಳಿಗಳಿಗೆ ಬೇಕಾಗುವುದು ಒಂದು ಕಾಲುದಾರಿ, ಕೆಲವು ದೋಣಿ, ಒಬ್ಬ ದಾದಿ, ಒಂದು ಶಾಲೆ. ಮರಗಳನ್ನು ಅವರೇ ನೆಟ್ಟುಕೊಳ್ಳುತ್ತಾರೆ.